ಗೇಟ್ ಹೊರಗೆ ಯಾರು ನಿಂತಿರ್ತಾರೆ?

ಈ ಕಾನೂನು ಪ್ರಶ್ನೋತ್ತರದ ಹಿಂದಿನ ಸಂಚಿಕೇಲಿ ಜಾಮೀನಿನ ಬಗ್ಗೆ ಒಂದು ಚಿಕ್ಕ ಉತ್ತರ ಬರೆದಿದ್ದೆ, ಅದಾದ್ಮೇಲೆ ಬಂದ ಕಾಗದ, ವಾಟ್ಸಾಪ್ ಎಲ್ಲಾ ಹೆಚ್ಚುಕಮ್ಮಿ ಒಂದೇ ವಿಷ್ಯ, ಜೈಲಿಗೆ ಹೋಗಿ ಬಂದೋರ ಜೊತೆ ನಾವು ಹೆಂಗಿರ್ಬೇಕು ಅಂತ. ಹಂಗಾಗಿ ಈ ಸಲ ಆಸ್ತಿ ಪಾಲು, ಡೈವೋರ್ಸು, ಬಾಡಿಗೆ ಜಗಳ ಎಲ್ಲಾ ಪಕ್ಕಕ್ಕಿಟ್ಟಿದೀನಿ. ಬೇಜಾರ್ ಮಾಡ್ಕೋಬೇಡಿ, ಖಾತಾ ಪ್ರಶ್ನೆಗಳಿಗೆ ಮುಂದಿನ ಸಲ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಯಜಮಾನ್ರದ್ದು ಟೂ ವೀಲರ್ ಗ್ಯಾರೇಜು. ನಮ್ಮನೆ ಕೆಲಸಕ್ಕೆ ಬರೋ ಆಕೆ ಮಗ, 22 ವರ್ಷ, ಎರಡು ಮೊಬೈಲ್ ಕದ್ದ ಕೇಸಲ್ಲಿ ಏಳು ತಿಂಗಳು ಪರಪ್ಪನ ಅಗ್ರಹಾರದಲ್ಲಿದ್ದು ಹೋದ ತಿಂಗಳು ಬೇಲ್ ಮೇಲೆ ಬಂದವ್ನೆ. ಹೆಂಗಾದ್ರೂ ಮಾಡಿ ಗ್ಯಾರೇಜಿಗೆ ಹಾಕ್ಕೊಳಿ ಅಕ್ಕ ಅಂತ ದಿನಾ ಅಳ್ತಾಳೆ. ಯಜಮಾನ್ರಿಗೆ ಮನಸ್ಸೈತೆ, ಆದ್ರೆ ಅಕ್ಕಪಕ್ಕದ ಅಂಗಡಿಯೋರು ಕಳ್ಳನ್ನ ತಂದು ಬೀದೀಲಿ ಇಟ್ಕೊಂಡ್ರೆ ನಾವು ಸುಮ್ನಿರಲ್ಲ ಅಂತಾವ್ರೆ. ನಾಳೆ ನಮಗೇ ಕೇಸ್ ಗೀಸ್ ಆಗುತ್ತಾ?
— ಗೃಹಿಣಿ, ಕಾಮಾಕ್ಷಿಪಾಳ್ಯ

ಉತ್ತರ: ಇಲ್ಲಮ್ಮ, ಕೇಸೂ ಆಗಲ್ಲ ಗೀಸೂ ಆಗಲ್ಲ. ಬೇಲ್ ಮೇಲಿರೋನಿಗೆ ಕೆಲಸ ಕೊಡೋದು ತಪ್ಪಲ್ಲ. ಅವನಿನ್ನೂ ಬರೀ ಆರೋಪಿ, ವಿಚಾರಣೆ ಮುಗಿದಿಲ್ಲ. ನಮ್ಮ ದೇಶದ ಜೈಲಲ್ಲಿರೋರಲ್ಲಿ ಇಂಥೋರೇ ಜಾಸ್ತಿ, ಎನ್‌ಸಿಆರ್‌ಬಿ ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕ ನೋಡಿದ್ರೆ ನೂರಕ್ಕೆ 75ಕ್ಕಿಂತ ಹೆಚ್ಚು ಜನ ವಿಚಾರಣಾಧೀನ ಕೈದಿಗಳು, ಅಂದ್ರೆ ತಪ್ಪು ಮಾಡಿದಾರೋ ಇಲ್ವೋ ಅಂತ ಕೋರ್ಟು ಇನ್ನೂ ಹೇಳದೇ ಇರೋರು.

ನೀವು ಆ ತಾಯಿನ ಒಂದು ವಿಷ್ಯ ಕೇಳಿ ನೋಡಿ, ಬೇಲ್ ಆರ್ಡರ್ ಯಾವಾಗ ಆಯ್ತು, ಮಗ ಯಾವಾಗ ಆಚೆ ಬಂದ ಅಂತ. ನನ್ನ ಅಂದಾಜು, ಎರಡರ ನಡುವೆ ತಿಂಗಳುಗಟ್ಲೆ ಗ್ಯಾಪ್ ಇರುತ್ತೆ. ಯಾಕಂದ್ರೆ ಶ್ಯೂರಿಟಿ ಕೊಡೋರು ಬೇಕು, ಶ್ಯೂರಿಟಿ ಕೊಡೋಕೆ ಪಹಣಿನೋ ಮನೆ ಪತ್ರನೋ ಬೇಕು, ಮನೆಗೆಲಸ ಮಾಡೋ ಹೆಂಗಸಿಗೆ ಪಹಣಿ ಎಲ್ಲಿಂದ ಬರ್ಬೇಕು. ಕೊನೆಗೆ ಕೋರ್ಟ್ ಆವರಣದಲ್ಲಿ ಓಡಾಡೋ ಬಾಡಿಗೆ ಶ್ಯೂರಿಟಿಯೋನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಬಿಡಿಸ್ಕೊಂಡು ಬರ್ತಾರೆ, ಅಂದ್ರೆ ಹುಡುಗ ಆಚೆ ಕಾಲಿಡೋ ಹೊತ್ತಿಗೇ ಮನೆ ಮೇಲೆ ಸಾಲ. ಇದೇ ಕಾರಣಕ್ಕೆ ಸುಪ್ರೀಂ ಕೋರ್ಟು 2023ರ ಜನವರೀಲಿ ಹೇಳಿದೆ, ಬೇಲ್ ಆಗಿ ಏಳು ದಿನದಲ್ಲಿ ಕೈದಿ ಆಚೆ ಬರ್ಲಿಲ್ಲ ಅಂದ್ರೆ ಜೈಲ್ ಸೂಪರಿಂಟೆಂಡೆಂಟು ಉಚಿತ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು ಅಂತ. ಅದೇ ವರ್ಷ ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಸ್ಕೀಮೂ ಬಂತು, ಜಾಮೀನಿಗೆ ದುಡ್ಡಿನ ಸಹಾಯ ಇದೆ. ಎಷ್ಟು ತಾಯಂದಿರಿಗೆ ಇದು ಗೊತ್ತು?

ಈಗ ಗೇಟಿನ ಕತೆ. ಬೇಲ್ ಆರ್ಡರ್ ಜೈಲಿಗೆ ತಲುಪಿ, ಪೇಪರ್ ಎಲ್ಲಾ ಮುಗಿದು ಆಚೆ ಬಿಡೋದು ಸಾಮಾನ್ಯವಾಗಿ ಸಂಜೆ ಮೇಲೆ. ನಾನು ಪರಪ್ಪನ ಅಗ್ರಹಾರದ ಮುಂದೆ ಕಕ್ಷಿದಾರರಿಗೋಸ್ಕರ ಕಾದಿರೋದು ಲೆಕ್ಕವಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದ್ರಲ್ಲಿ ಎರಡು ಜೊತೆ ಬಟ್ಟೆ, ಚಾರ್ಜ್ ಇಲ್ದೇ ಸತ್ತುಹೋಗಿರೋ ಫೋನು, ಹಂಗೇ ಆಚೆ ಬಂದು ಒಂದು ನಿಮಿಷ ರೋಡ್ ನೋಡ್ಕೊಂಡು ನಿಂತ್ಕೋತಾರೆ. ಅವ್ವನೋ ಅಕ್ಕನೋ ಬಂದಿದ್ರೆ ಆಟೋ ಹತ್ತಿ ಮನೆಗೆ. ಯಾರೂ ಬರ್ಲಿಲ್ಲ ಅಂದ್ರೆ, ಬೈಕಲ್ಲಿ ಇಬ್ರು ಹಳೇ ಸ್ನೇಹಿತರು ಬಂದಿರ್ತಾರೆ, ಬಾ ಮಗಾ ಅಂತ ಹೆಗಲ ಮೇಲೆ ಕೈ ಹಾಕ್ತಾರೆ, ಸೀದಾ ಬಿರಿಯಾನಿ ಹೋಟೆಲ್ಲು, ಆಮೇಲೆ ಬಾರು, ಶ್ಯೂರಿಟಿ ದುಡ್ಡು ನಾನು ಕೊಡ್ತೀನಿ ಬಿಡು ಅಂತ ಒಂದು ಮಾತು. ಆ ದುಡ್ಡು ತೀರಿಸೋಕೆ ಮುಂದಿನ ಕಳ್ಳತನ. ಮತ್ತೆ ಯಾಕೆ ಕದ್ದೆ ಅಂತ ಕೇಳಿದ್ರೆ ಅವರಿಗೂ ಸರಿಯಾಗಿ ಹೇಳೋಕೆ ಬರಲ್ಲ, ಆದ್ರೆ ಶುರು ಆಗಿದ್ದು ಆ ಬಿರಿಯಾನಿಯಿಂದ ಅನ್ನೋದು ನಾನು ಕಂಡಿರೋದು.

ನಿಮ್ಮ ಹುಡುಗನಿಗೆ ಒಂದು ತಿಂಗಳಾಯ್ತು, ಇನ್ನೂ ಅವ್ವನ ಜೊತೆಗವ್ನೆ. ಅದು ದೊಡ್ಡ ವಿಷ್ಯ. ಈಗಲೇ ಹಾಕ್ಕೊಳಿ, ಯೋಚ್ನೆ ಮಾಡ್ತಾ ಆರು ತಿಂಗಳು ಬಿಟ್ರೆ ಹಾಕ್ಕೊಳ್ಳೋಕೆ ಅವನೇ ಇರಲ್ಲ.

ಹಾಕ್ಕೊಂಡ ಮೇಲೆ ಕೆಲವು ವಿಷ್ಯ ನೆನಪಿರ್ಲಿ. ಸಂಬಳ ತಿಂಗಳಿಗೊಂದ್ಸಲ ಬೇಡ, ಶನಿವಾರ ಶನಿವಾರ ಕೊಡಿ. ಕೋರ್ಟ್ ಡೇಟ್ ಇದ್ದ ದಿನ ಬೈಯದೇ ರಜಾ ಕೊಡಿ, ಬೇಕಾದ್ರೆ ಗ್ಯಾರೇಜ್ ಕ್ಯಾಲೆಂಡರಲ್ಲೇ ಗುರುತು ಹಾಕಿ, ಯಾಕಂದ್ರೆ ಎಷ್ಟೋ ಜನ ಮತ್ತೆ ಒಳಗೆ ಹೋಗೋದು ಹೊಸದಾಗಿ ಕದ್ದು ಅಲ್ಲ, ಡೇಟಿಗೆ ಹೋಗ್ದೇ ವಾರಂಟ್ ಆಗಿ. ಕ್ಯಾಶ್ ಡಬ್ಬ ಯಾರು ಮುಟ್ಬೇಕು ಅನ್ನೋದು ಎಲ್ಲಾ ಹುಡುಗರಿಗೂ ಒಂದೇ ರೂಲ್ ಇರ್ಲಿ, ಅವನೊಬ್ಬನಿಗೆ ಬೇರೆ ಅಂತ ಮಾಡ್ಬೇಡಿ. ಮತ್ತೆ ಏನಾದ್ರೂ ಕಾಣಿಸ್ಲಿಲ್ಲ ಅಂದ್ರೆ ಮೊದಲು ಅವನ ಮುಖ ನೋಡ್ಬೇಡಿ. ಪೀಣ್ಯದ ಕಡೆ ನನಗೆ ಗೊತ್ತಿರೋ ಒಬ್ರು ಗ್ಯಾರೇಜಿನೋರು ಇಂಥದ್ದೇ ಒಬ್ಬನ್ನ ಇಟ್ಕೊಂಡಿದ್ರು, ಮೂರನೇ ವಾರಕ್ಕೆ 12-13 ಸೈಜಿನ ಒಂದು ಸ್ಪ್ಯಾನರ್ ಮಾಯ. ಯಾರೂ ಬಾಯಿಬಿಟ್ಟು ಏನೂ ಹೇಳ್ಲಿಲ್ಲ, ಎಲ್ಲಾ ಅವನ ಕಡೆ ನೋಡಿದ್ರು ಅಷ್ಟೇ. ಆ ಹುಡುಗ ಊಟಕ್ಕೆ ಅಂತ ಹೋದೋನು ಎರಡು ದಿನ ಬರ್ಲಿಲ್ಲ. ಮೂರನೇ ದಿನ ಒಬ್ಬ ಕಸ್ಟಮರ್ ಬಂದು ಸರ್ ನನ್ನ ಸ್ಕೂಟರ್ ಸೀಟ್ ಕೆಳಗೆ ನಿಮ್ಮ ಸ್ಪ್ಯಾನರ್ ಇತ್ತು ಅಂತ ಕೊಟ್ಟು ಹೋದ, ಆ ಸ್ಕೂಟರ್ ರಿಪೇರಿ ಮಾಡಿದ್ದು ಓನರ್ರೇ! ಅವರೇ ಹೋಗಿ ಹುಡುಗನ ಮನೆ ಬಾಗಿಲು ತಟ್ಟಿ ಕರ್ಕೊಂಡು ಬಂದ್ರು. ಎಲ್ಲಾ ಓನರ್ರೂ ಹೋಗಲ್ಲ ನೋಡಿ.

ಅಕ್ಕಪಕ್ಕದ ಅಂಗಡಿಯೋರಿಗೆ ಹಿಂಗೆ ಹೇಳಿ, ಕೆಲಸ ಇರೋ ಕಳ್ಳ ಬೇಕಾ ಕೆಲಸ ಇಲ್ದಿರೋ ಕಳ್ಳ ಬೇಕಾ ಅಂತ, ಅವನಂತೂ ಇದೇ ಬೀದೀಲಿ ಇರ್ತಾನೆ, ಅವರಮ್ಮನ ಮನೆ ಅಲ್ಲೇ ಇರೋದು. ಇನ್ನೊಂದು, ನಾಳೆ ಅವನ ಮೇಲೆ ಕೇಸ್ ಸಾಬೀತಾದ್ರೂ 1958ರ ಪ್ರೊಬೇಷನ್ ಕಾಯ್ದೆ ಅಂತ ಇದೆ, ಒಳ್ಳೇ ನಡತೆಯ ಬಾಂಡ್ ಬರೆಸ್ಕೊಂಡು ಜಡ್ಜು ಜೈಲಿಗೆ ಕಳಿಸ್ದೇ ಬಿಡಬಹುದು. ಆದ್ರೆ ಅದಕ್ಕೆ ಒಂದು ಷರತ್ತಿದೆ, ಅವನಿಗೋ ಅವನ ಶ್ಯೂರಿಟಿಗೋ ಆ ಕೋರ್ಟಿನ ವ್ಯಾಪ್ತೀಲಿ ಕಾಯಂ ಮನೆನೋ ನಿಯಮಿತ ಕೆಲಸನೋ ಇರ್ಬೇಕು. ನಿಮ್ಮ ಯಜಮಾನ್ರ ಲೆಟರ್‌ಹೆಡ್ಡಲ್ಲಿ ನಾಲ್ಕು ಸಾಲು ಬರೆದುಕೊಟ್ರೂ ಅಲ್ಲಿ ಬೆಲೆ ಇದೆ.

ಪ್ರಶ್ನೆ: ಹೊಸ ಕಾನೂನಲ್ಲಿ ಸಮುದಾಯ ಸೇವೆ ಅಂತ ಶಿಕ್ಷೆ ಬಂದಿದೆಯಂತೆ. ಪಾರ್ಕ್ ಗುಡಿಸಿದ್ರೆ ಶಿಕ್ಷೆ ಮುಗೀತಾ? ಕಾಮಿಡಿ ಅನ್ಸುತ್ತೆ.
— ಕಾನೂನು ವಿದ್ಯಾರ್ಥಿ, ವಿಜಯನಗರ

ಉತ್ತರ: ಕಾನೂನು ಓದ್ತಿರೋರು ಕಾಮಿಡಿ ಅಂತೀರಲ್ಲಪ್ಪ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೇಲಿ ಸಮುದಾಯ ಸೇವೆ ಇರೋದು ಬೆರಳೆಣಿಕೆಯಷ್ಟು ಅಪರಾಧಕ್ಕೆ ಮಾತ್ರ. ಕುಡಿದು ರೋಡಲ್ಲಿ ಗಲಾಟೆ, ಮಾನನಷ್ಟ, ಮತ್ತೆ ಐದು ಸಾವಿರಕ್ಕಿಂತ ಕಮ್ಮಿ ಬೆಲೆ ವಸ್ತು ಕದ್ದು, ಮೊದಲ ಸಲ ಸಿಕ್ಕಿಬಿದ್ದು, ವಸ್ತುನೋ ದುಡ್ಡೋ ವಾಪಸ್ ಕೊಟ್ಟೋರಿಗೆ, ಹಿಂಗೆ. ಕೂಲಿ ಕೊಡಂಗಿಲ್ಲ, ಸಮುದಾಯಕ್ಕೆ ಉಪಯೋಗ ಆಗೋ ಕೆಲಸ ಆಗಿರ್ಬೇಕು, ಅಷ್ಟು ಹೇಳಿರೋದು ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ. ಎಷ್ಟು ಗಂಟೆ, ಎಲ್ಲಿ, ಮೇಲ್ವಿಚಾರಣೆ ಯಾರದ್ದು ಅನ್ನೋದು ಎರಡರಲ್ಲೂ ಇಲ್ಲ. ಇಂಗ್ಲೆಂಡಲ್ಲಿ 1972ರಲ್ಲೇ ಕಾನೂನು ಮಾಡಿ ಮುಂದಿನ ವರ್ಷ ಆರು ಕಡೆ ಪ್ರಯೋಗ ಮಾಡಿ ನೋಡಿ ಆಮೇಲೆ ಹರಡಿದ್ರು, ಈಗ ಅಲ್ಲಿ 40ರಿಂದ 300 ಗಂಟೆ ಅಂತ ಲೆಕ್ಕ ಇದೆ. ನಮ್ಮಲ್ಲಿ ಇನ್ನೂ ಒಬ್ಬೊಬ್ಬ ಜಡ್ಜು ಒಂದೊಂದು ಥರ.

ನನ್ನ ಅಭಿಪ್ರಾಯ ಕೇಳಿದ್ರೆ, ಕುತ್ತಿಗೆಗೆ ಬೋರ್ಡ್ ಹಾಕಿ ಪೊರಕೆ ಕೊಟ್ಟು ಫೋಟೋ ತೆಗೆಯೋದಾದ್ರೆ ಬೇಡವೇ ಬೇಡ, ಅದು ಮೆರವಣಿಗೆ. ಅದೇ ಹುಡುಗನ್ನ ಸರ್ಕಾರಿ ಶಾಲೆ ಬಿಸಿಯೂಟದ ಅಡುಗೆಮನೇಲಿ ಬಿಟ್ಟು ಪಾತ್ರೆ ತೊಳೆಸಿದ್ರೆ, ಅಲ್ಲಿ ಅಡುಗೆಯಮ್ಮ ಬೈತಾರೆ, ಮಧ್ಯಾಹ್ನ ಊಟನೂ ಹಾಕ್ತಾರೆ, ಮಕ್ಕಳು ಅಣ್ಣ ಅಂತಾರೆ. ಜನರ ಮಧ್ಯೆ ಇರೋ ಕೆಲಸ ಬೇರೆ, ಜನ ನೋಡ್ಲಿ ಅಂತ ಮಾಡ್ಸೋ ಕೆಲಸ ಬೇರೆ.

ಪ್ರಶ್ನೆ: ನಾನು ಸರ್ಜಾಪುರ ರೋಡಿನ ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ. ಹೌಸ್‌ಕೀಪಿಂಗ್ ಏಜೆನ್ಸಿ ಕಡೆಯಿಂದ ಬರೋ ಹುಡುಗ, 17 ವರ್ಷ, ಒಂದು ಫ್ಲಾಟಿಂದ ಬ್ಲೂಟೂತ್ ಸ್ಪೀಕರ್ರೂ ಸ್ವಲ್ಪ ಕ್ಯಾಶೂ ತಗೊಂಡು ಸಿಸಿಟಿವಿಲಿ ಸಿಕ್ಕಿದಾನೆ. ಪೊಲೀಸ್ ಸ್ಟೇಷನ್ ಬೇಡ, ನಾವೇ ಮೀಟಿಂಗ್ ಕರೆದು ಬುದ್ಧಿ ಹೇಳಿ, ಫೋಟೋನ ಗ್ರೂಪಲ್ಲಿ ಹಾಕಿ ಕಳಿಸೋಣ ಅಂತ ಕಮಿಟಿ ಹೇಳ್ತಿದೆ. ಇದು ಕಮ್ಯೂನಿಟಿ ಜಸ್ಟಿಸ್ ತಾನೆ?
— ಸೆಕ್ರೆಟರಿ

ಉತ್ತರ: ಸರ್, ಮೊದಲು ಆ ಫೋಟೋ. ಹಾಕಿದ್ರೆ ಈಗಲೇ ಡಿಲೀಟ್ ಮಾಡ್ಸಿ. 18 ತುಂಬದ ಹುಡುಗನ ಗುರುತು ಬಯಲು ಮಾಡೋದು 2015ರ ಬಾಲನ್ಯಾಯ ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಸ್ಪೀಕರ್ ಹೋಗಿದ್ದಕ್ಕಿಂತ ದುಬಾರಿ ಆಗುತ್ತೆ. ಸೆಕ್ಯೂರಿಟಿ ರೂಮಲ್ಲಿ ಕೂಡಿಹಾಕಿ ವಿಚಾರಿಸೋದೂ ಅಷ್ಟೇ, ಅಕ್ರಮ ಬಂಧನ. ಮತ್ತೆ 40 ಜನ ಓನರ್‌ಗಳು ಸುತ್ತ ನಿಂತು ಒಬ್ಬ ಹುಡುಗನಿಗೆ ಬುದ್ಧಿ ಹೇಳೋದು ಹೆಂಗಿರುತ್ತೆ ಅಂತ ನನಗೆ ಗೊತ್ತು, ಅಲ್ಲಿ ಒಬ್ರಾದ್ರೂ ಕೈ ಎತ್ತೇ ಎತ್ತುತಾರೆ.

ಪೊಲೀಸ್ ಅಂದ ತಕ್ಷಣ ಹುಡುಗನ ಜೀವನ ಹಾಳು ಅನ್ನೋದು ನಿಮ್ಮ ಭಯ ಆಗಿದ್ರೆ, ಒಳ್ಳೇ ಭಯನೇ, ಆದ್ರೆ ಬಾಲಾಪರಾಧದ ವ್ಯವಸ್ಥೆ ಬೇರೆ ಇದೆ. ಇಂಥ ಚಿಕ್ಕ ಕೇಸಲ್ಲಿ ಅವನೊಬ್ಬನೇ ಮಾಡಿದ್ರೆ ಎಫ್‌ಐಆರ್ ಹಾಕಂಗಿಲ್ಲ, ಡೈರೀಲಿ ಬರ್ಕೊಂಡು ಅವನ ಮನೆ ಪರಿಸ್ಥಿತಿ ವಿಚಾರಿಸಿ ಬಾಲನ್ಯಾಯ ಮಂಡಳಿಗೆ ವರದಿ ಕಳಿಸ್ಬೇಕು. ಆ ಮಂಡಳೀಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ರು ಸಮಾಜ ಸೇವಕರು ಕೂತಿರ್ತಾರೆ, ಅದ್ರಲ್ಲಿ ಒಬ್ರಾದ್ರೂ ಹೆಂಗಸು ಇರ್ಲೇಬೇಕು, ಅಂದ್ರೆ ಜನಸಾಮಾನ್ಯರಿಗೆ ನ್ಯಾಯಪೀಠದಲ್ಲೇ ಜಾಗ ಕೊಟ್ಟಿರೋ ಕಾನೂನು ಇದು. ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಹಾಕಬಹುದು, ಕೌನ್ಸೆಲಿಂಗ್ ಹಾಕಬಹುದು. ಮುಂದೆ ಕೆಲಸಕ್ಕೆ ಇದು ಅಡ್ಡ ಬರಂಗಿಲ್ಲ ಅಂತಲೂ ಕಾಯ್ದೆ ಹೇಳುತ್ತೆ.

ನೀವು ಕೇಳಿದ ಕಮ್ಯೂನಿಟಿ ಜಸ್ಟಿಸ್ ಅಂದ್ರೆ ಏನು ಅಂತ ಒಂದು ಹಳೇ ಕತೆ ಹೇಳ್ತೀನಿ. 1974ರಲ್ಲಿ ಕೆನಡಾದ ಎಲ್ಮೈರಾ ಅನ್ನೋ ಸಣ್ಣ ಊರಲ್ಲಿ ಇಬ್ರು ಹುಡುಗರು ಒಂದು ರಾತ್ರಿ ಕುಡಿದು 22 ಕಡೆ ಗಾಜು ಒಡೆದು ಟೈರ್ ಕುಯ್ದು ಹಾಳು ಮಾಡಿದ್ರು. ಬಾಂಡ್ ಮೇಲೆ ಬಿಟ್ಟೋರನ್ನ ನೋಡ್ಕೊಳ್ಳೋ ಪ್ರೊಬೇಷನ್ ಆಫೀಸರ್ ಒಬ್ರು, ಇವರು ಆ ಮನೆಗಳಿಗೆ ಹೋಗಿ ಮುಖ ತೋರಿಸ್ಲಿ ಅಂತ ಸಲಹೆ ಕೊಟ್ರು, ಜಡ್ಜು ಒಪ್ಪಿದ್ರು. ಹುಡುಗರು ಮನೆ ಮನೆ ಬಾಗಿಲು ತಟ್ಟಿ, ನಾವೇ ಮಾಡಿದ್ದು, ಎಷ್ಟು ಲಾಸ್ ಆಯ್ತು ಹೇಳಿ ಅಂತ ಕೇಳಿ, ತಿಂಗಳುಗಟ್ಲೆ ದುಡಿದು ತೀರಿಸಿದ್ರು. ಆಮೇಲೆ ಲೋಕದಲ್ಲೆಲ್ಲಾ ನೊಂದೋರು, ತಪ್ಪು ಮಾಡಿದೋರು ಎದುರುಬದುರು ಕೂರೋ ಪದ್ಧತಿ ಬೆಳೆದಿದ್ದು ಹೆಚ್ಚಾಗಿ ಅಲ್ಲಿಂದ. ನೋಡಿ, ಅಲ್ಲಿ ನೋವಾದೋರು ಮಾತ್ರ ಮಾತಾಡ್ತಾರೆ, ನೋಡೋಕೆ ಬಂದೋರಲ್ಲ, ಮತ್ತೆ ಮೇಲೆ ಒಬ್ಬ ಜಡ್ಜು ಇರ್ತಾರೆ. ನಿಮ್ಮ ಕಮಿಟಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ.

ಸ್ಪೀಕರ್ ಕಳ್ಕೊಂಡ ಫ್ಲಾಟಿನೋರಿಗೆ ಇಷ್ಟ ಇದ್ರೆ ಮಂಡಳಿ ಮುಂದೆ ಹೋಗಿ, ವಸ್ತು ವಾಪಸ್ ಸಿಕ್ಕಿದೆ, ಹುಡುಗನ್ನ ಏಜೆನ್ಸಿ ಕೆಲಸದಿಂದ ತೆಗೀಬಾರ್ದು ಅಂತ ಹೇಳ್ಲಿ. ಆ ಒಂದು ಮಾತು ನಿಮ್ಮ ಮೀಟಿಂಗಿಗಿಂತ ಕೆಲಸ ಮಾಡುತ್ತೆ.

ಪ್ರಶ್ನೆ: ಬೆಳಗ್ಗೆ ರಂಗೋಲಿ ಹಾಕ್ತಿದ್ದಾಗ ಬೈಕಲ್ಲಿ ಬಂದು ನನ್ನ ತಾಳಿ ಸರ ಕಿತ್ಕೊಂಡು ಹೋದ್ರು. ಎರಡು ವರ್ಷ ಆಯ್ತು. ಈಗಲೂ ಬೈಕ್ ಸೌಂಡ್ ಕೇಳಿದ್ರೆ ಕುತ್ತಿಗೆ ಮುಟ್ಕೋತೀನಿ. ಇಂಥೋರ ಮೇಲೆ ನಿಮಗೆ ಯಾಕಿಷ್ಟು ಕನಿಕರ?
— ಒಬ್ಬ ಓದುಗಿ, ಬಸವೇಶ್ವರನಗರ

ಉತ್ತರ: ಅಮ್ಮ, ನಿಮ್ಮ ಕೋಪ ಸರಿಯಾಗಿದೆ, ಅದನ್ನ ಕಮ್ಮಿ ಮಾಡ್ಕೊಳಿ ಅಂತ ನಾನು ಹೇಳಲ್ಲ. ಸರ ಕೀಳೋದು ಹೊಸ ನ್ಯಾಯ ಸಂಹಿತೇಲಿ ಪ್ರತ್ಯೇಕ ಅಪರಾಧ, 304ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು. ಸಮುದಾಯ ಸೇವೆ ಅಂತ ಬಿಟ್ಟು ಕಳಿಸೋ ಪಟ್ಟೀಲಿ ಇದಿಲ್ಲ. ನಿಮ್ಮ ಕೇಸಿನ ಗತಿ ಏನಾಯ್ತು ಅಂತ ಎರಡು ವರ್ಷದಲ್ಲಿ ಯಾರಾದ್ರೂ ಫೋನ್ ಮಾಡಿ ಹೇಳಿದ್ರಾ? ಇಲ್ಲ ಅಂತೀರಿ, ಗೊತ್ತು. ನೊಂದೋರನ್ನ ಸಾಕ್ಷಿ ಪೆಟ್ಟಿಗೇಲಿ ನಿಲ್ಸೋದು ಬಿಟ್ರೆ ನಮ್ಮ ವ್ಯವಸ್ಥೆ ಬೇರೆ ಏನೂ ಮಾತಾಡ್ಸಲ್ಲ. ಸ್ಟೇಷನ್ನಿಗೆ ಹೋಗಿ ತನಿಖೆ ಎಲ್ಲಿಗೆ ಬಂತು ಅಂತ ಕೇಳೋ ಹಕ್ಕು ನಿಮಗಿದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವೂ ಇದೆ, 15100ಗೆ ಫೋನ್ ಮಾಡಿ.

ಕನಿಕರದ ವಿಷ್ಯ. ಆ ಬೈಕಿನೋನು ಸಿಕ್ಕಿಬಿದ್ದು ಮೂರು ವರ್ಷ ಒಳಗಿದ್ರೂ ನಾಲ್ಕನೇ ವರ್ಷ ಆಚೆ ಬರ್ತಾನೆ, ಇದೇ ಬೆಂಗಳೂರಿಗೆ. ಅವತ್ತು ಅವನ ಕೈಗೆ ಮತ್ತೆ ಬೈಕ್ ಕೊಡೋರು ಯಾರು ಅನ್ನೋದಷ್ಟೇ ನನ್ನ ತಲೆಬಿಸಿ. ನೀವು ಕ್ಷಮಿಸ್ಬೇಕಾಗಿಲ್ಲ.

ಪ್ರಶ್ನೆ: ಬ್ಯಾಂಕಿಂದ ರಿಟೈರ್ ಆಗಿದೀನಿ, ಆರೋಗ್ಯ ಚೆನ್ನಾಗಿದೆ, ಟೈಮಿದೆ. ಇಂಥೋರಿಗೆ ಏನಾದ್ರೂ ಮಾಡ್ಬೇಕು ಅಂತ ಆಸೆ. ದುಡ್ಡು ಕೊಡೋದು ಬಿಟ್ಟು ಬೇರೆ ದಾರಿ ಇದೆಯಾ?
— ಹಿರಿಯರು, ಮಲ್ಲೇಶ್ವರಂ

ಉತ್ತರ: ಇದೆ ಸರ್. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ, ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇರೋದು ಅಲ್ಲೇ. ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಟ್ರೈನಿಂಗ್ ಕೊಡ್ತಾರೆ, ಲಾಯರ್ ಆಗಿರ್ಬೇಕಾಗಿಲ್ಲ. ಜೈಲಲ್ಲಿರೋರ ಅರ್ಜಿ ಬರೆಯೋದು, ಮನೆಯವರಿಗೆ ಫೋನ್ ಮಾಡೋದು, ಯಾರು ಎಷ್ಟು ದಿನದಿಂದ ಇದಾರೆ ಅಂತ ಲೆಕ್ಕ ಹಾಕೋದು. ಲೆಕ್ಕ ನಿಮ್ಮ ಕಸುಬು. ಹೊಸ ನಾಗರಿಕ ಸುರಕ್ಷಾ ಸಂಹಿತೆ 479ನೇ ಸೆಕ್ಷನ್ ಪ್ರಕಾರ, ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ, ಮರಣದಂಡನೆ ಜೀವಾವಧಿ ಕೇಸುಗಳು ಬಿಟ್ಟು, ಇನ್ನೂ ಒಂದೆರಡು ಷರತ್ತಿದೆ. ಆ ದಿನ ಬಂತು ಅಂತ ಯಾರಾದ್ರೂ ಕೂತು ಲೆಕ್ಕ ಹಾಕ್ಬೇಕಲ್ಲ.

ಜಪಾನಲ್ಲಿ ಹೊಗೋಶಿ ಅಂತ ಇದಾರೆ, ನಿಮ್ಮಂಥೋರೇ, 1950ರ ಕಾನೂನಿನಡಿ ಸಂಬಳ ಇಲ್ದೇ ಕೆಲಸ ಮಾಡೋರು, 50 ಸಾವಿರಕ್ಕೆ ಸ್ವಲ್ಪ ಕಮ್ಮಿ ಜನ, ಹೆಚ್ಚಿನೋರು ವಯಸ್ಸಾದೋರು. ಜೈಲಿಂದ ಬಂದೋನ್ನ ತಿಂಗಳಿಗೆ ಎರಡು ಸಲ ಮನೆಗೆ ಕರೆದು ಟೀ ಕೊಟ್ಟು ಮಾತಾಡೋದು, ಕೆಲಸ ಸಿಕ್ತಾ, ನಿದ್ದೆ ಬರ್ತಿದ್ಯಾ ಅಂತ ಕೇಳೋದು. ಆದ್ರೆ ಬರೀ ಸಿಹಿ ಹೇಳಬಾರದು, 2024ರ ಮೇ ತಿಂಗಳಲ್ಲಿ ಓಟ್ಸು ಅನ್ನೋ ಊರಲ್ಲಿ ಒಬ್ರು ಹೊಗೋಶಿ ತಮ್ಮ ಮನೇಲೇ ಕೊಲೆಯಾದ್ರು, ಅರೆಸ್ಟ್ ಆಗಿದ್ದು ಅವರು ನೋಡ್ಕೋತಿದ್ದ ವ್ಯಕ್ತಿನೇ. ಹಂಗಾಗಿ ನೀವು ಶುರುವಲ್ಲೇ ಮನೆಗೆ ಕರೀಬೇಡಿ, ಲೈಬ್ರರೀಲಿ ಇಲ್ಲಾ ದರ್ಶಿನೀಲಿ ಭೇಟಿ ಮಾಡಿ, ಒಬ್ರೇ ಹೋಗ್ಬೇಡಿ, ಸಾಲ ಅಂತೂ ಕೊಡ್ಲೇಬೇಡಿ.

ನಮ್ಮ ಪ್ರೊಬೇಷನ್ ಕಾಯ್ದೇಲೂ ಇದಕ್ಕೆ ಬಾಗಿಲಿದೆ. ಪ್ರೊಬೇಷನ್ ಆಫೀಸರು ತನ್ನ ಕೈಕೆಳಗಿನೋರಿಗೆ ಅಗತ್ಯ ಬಿದ್ರೆ ಕೆಲಸ ಹುಡುಕಿಕೊಡೋ ಪ್ರಯತ್ನ ಮಾಡ್ಬೇಕು ಅಂತ ಬರೆದೇ ಇದೆ, ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೋರೂ ಆ ಕೆಲಸ ಮಾಡಬಹುದು, ವಿಶೇಷ ಸಂದರ್ಭದಲ್ಲಿ ಕೋರ್ಟಿಗೆ ಸೂಕ್ತ ಅನ್ನಿಸಿದ ಬೇರೆ ವ್ಯಕ್ತಿಗೂ ವಹಿಸಬಹುದು. 1958ರಿಂದ ಆ ಬಾಗಿಲು ತೆಗೆದೇ ಇದೆ, ಒಳಗೆ ಹೋದೋರು ಕಮ್ಮಿ. ಅಂದಹಾಗೆ ಮೈಸೂರಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕೈದಿಗಳ ಕೈಲಿ ನಾಟಕ ಮಾಡಿಸಿ ಹೊರಗಿನ ವೇದಿಕೆ ಮೇಲೂ ತಂದೋರು, ಅದನ್ನ ನೋಡಿದ್ರೆ ಇದು ಬರೀ ಅರ್ಜಿ ಬರೆಯೋ ಕೆಲಸ ಅಲ್ಲ ಅಂತ ಗೊತ್ತಾಗುತ್ತೆ. ನಿಮಗೆ ಹಾಡೋಕೆ ಬಂದ್ರೆ ಅದೂ ನಡೆಯುತ್ತೆ.

ಪ್ರಶ್ನೆ: ಏಳು ವರ್ಷದ ಹಿಂದೆ ಒಂದು ಹೊಡೆದಾಟದ ಕೇಸಲ್ಲಿ ಕೋರ್ಟು ನನ್ನನ್ನ ಒಳ್ಳೇ ನಡತೆ ಬಾಂಡ್ ಮೇಲೆ ಬಿಡ್ತು. ಈಗ ಕಂಪನಿ ಕ್ಯಾಬ್ ಓಡಿಸೋ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳ್ತಾವ್ರೆ. ಅಪ್ಲೈ ಮಾಡಿದ್ರೆ ಕೇಸ್ ಬರುತ್ತಾ? ಮಗಳು ಎಸ್ಸೆಸ್ಸೆಲ್ಸಿ ಓದ್ತಾವ್ಳೆ, ಅವಳಿಗೆ ಗೊತ್ತಿಲ್ಲ.
— ಚಾಲಕ, ಲಗ್ಗೆರೆ

ಉತ್ತರ: ರೆಕಾರ್ಡಲ್ಲಿ ಬರಬಹುದಣ್ಣ, ಅದಕ್ಕೆ ಕೇಸ್ ಇಲ್ಲ ಅಂತ ಸುಳ್ಳು ಬರೀಬೇಡಿ, ಸುಳ್ಳಿಗೇ ಕೆಲಸ ಹೋಗುತ್ತೆ. ಪ್ರೊಬೇಷನ್ ಕಾಯ್ದೆ 12ನೇ ಸೆಕ್ಷನ್ ನಿಮ್ಮ ಕಡೆಗಿದೆ, ಬಾಂಡ್ ಮೇಲೆ ಬಿಟ್ಟೋರಿಗೆ ಆ ಶಿಕ್ಷೆಯಿಂದ ಕಾನೂನಲ್ಲಿ ಬರೋ ಯಾವ ಅನರ್ಹತೆಯೂ ತಟ್ಟಬಾರ್ದು ಅಂತ. ಖಾಸಗಿ ಕಂಪನಿ ತಗೊಳ್ಲೇಬೇಕು ಅಂತ ಅದು ಬಲವಂತ ಮಾಡಲ್ಲ, ನಿಜ, ಆದ್ರೆ ಎಚ್‌ಆರ್ ಮುಂದೆ ಬಾಯಲ್ಲಿ ಕತೆ ಹೇಳೋದಕ್ಕೂ ಕಾಗದ ಇಡೋದಕ್ಕೂ ವ್ಯತ್ಯಾಸ ಇದೆ. ಕೇಸ್ ನಂಬರ್ ತಗೊಂಡು ಅದೇ ಕೋರ್ಟಿನ ಕಾಪಿಯಿಂಗ್ ಸೆಕ್ಷನ್ನಲ್ಲಿ ಆರ್ಡರಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬಂದ ಮೇಲೆ ಎರಡು ಜೆರಾಕ್ಸ್ ಮಾಡಿಸಿ, ಒರಿಜಿನಲ್ ಯಾರಿಗೂ ಕೊಡ್ಬೇಡಿ, ಲ್ಯಾಮಿನೇಷನ್ನೂ ಮಾಡಿಸ್ಬೇಡಿ. ಆಮೇಲೆ ಸೇವಾ ಸಿಂಧೂಲಿ ಅಪ್ಲೈ ಮಾಡಿ, ಸ್ಟೇಷನ್ನಿಂದ ಫೋನ್ ಬಂದ್ರೆ ನಕಲು ಹಿಡ್ಕೊಂಡೇ ಹೋಗಿ. ಮಗಳಿಗೆ ಹೇಳೋದು ಬಿಡೋದು ನಿಮ್ಮಿಷ್ಟ, ಹೇಳೋದಾದ್ರೆ ಪರೀಕ್ಷೆ ಮುಗೀಲಿ.